ಜುಡೊಂಗ್ ಬೆಳಗಿನ ಸಂತೆ: ಹಕ್ಕಾ ಅಜ್ಜಿಯರ ಹತ್ತಿರ ತರಕಾರಿ ಕೊಳ್ಳುವವರಿಗೆ

ಸಿನ್‌ಚುಕನ್ನಡಿಗ

ತೈವಾನಿನ ಸಿನ್‌ಚು ಸೈನ್ಸ್ ಪಾರ್ಕಿಗೆ, ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಬರುವ ನಮ್ಮವರು ಸೊಪ್ಪು ತರಕಾರಿಗೆ ಸೂಪರ್‌ಮಾರ್ಕೆಟ್ಟನ್ನೇ ನೆಚ್ಚಿಕೊಂಡಿರುತ್ತಾರೆ. ಪಕ್ಕದಲ್ಲೇ ಇರುವ ಜುಡೊಂಗ್ ಪಟ್ಟಣದ ಕೇಂದ್ರ ಮಾರುಕಟ್ಟೆ ತೈವಾನಿನ ದೊಡ್ಡ ಹಕ್ಕಾ ಮಾರುಕಟ್ಟೆಗಳಲ್ಲೊಂದು. ನೇವಾನ್ ರೈಲುದಾರಿಯಲ್ಲಿ ಜುಡೊಂಗ್ ನಿಲ್ದಾಣಕ್ಕೆ ಇಳಿದರೆ ಸಾಕು. ಕಟ್ಟಡದ ಒಳಗೆ ಕಾಯಂ ಅಂಗಡಿಗಳಿವೆ. ಈ ಚರ್ಚೆ ಅವುಗಳ ಬಗ್ಗೆ ಅಲ್ಲ, ಸುತ್ತಲಿನ ಗಲ್ಲಿಗಳಲ್ಲಿ ತಗ್ಗು ಮಣೆ ಹಾಕಿಕೊಂಡು, ಮುಂದೆ ನಾಲ್ಕಾರು ಕಟ್ಟು ಸೊಪ್ಪು, ಎರಡು ಮೂರು ಬಾಟಲಿ ಉಪ್ಪು ಹಾಕಿದ ಸಾಸಿವೆ ಸೊಪ್ಪು ಇಟ್ಟುಕೊಂಡು ಕೂರುವ ವಯಸ್ಸಾದ ಹೆಂಗಸರ ಬಗ್ಗೆ.

ಹಕ್ಕಾ ಅಂದರೆ ಯಾರು ಎಂದು ಕೇಳುವವರಿಗೆ: ಗ್ವಾಂಗ್‌ಡೊಂಗ್, ಫೂಜಿಯಾನ್, ಜಿಯಾಂಗ್ಸಿ ಪ್ರಾಂತಗಳು ಕೂಡುವ ಗುಡ್ಡಗಾಡಿನಿಂದ ಹರಡಿದ ಚೀನೀ ಸಮುದಾಯ. ತೈವಾನಿನ ಜನಸಂಖ್ಯೆಯಲ್ಲಿ ಹತ್ತಿರ ಹತ್ತಿರ ಐದರಲ್ಲೊಂದು ಪಾಲು ಅವರು. ಸಿನ್‌ಚು ಜಿಲ್ಲೆಯಲ್ಲಿ ಹೆಚ್ಚಾಗಿ ಹಾಯ್‌ಲು ಬಗೆಯ ಹಕ್ಕಾ ಮಾತು, ಮಿಯಾವ್‌ಲಿ ಮತ್ತು ಮೇನೊಂಗ್ ಕಡೆ ಸಿಶಿಯೆನ್ ಬಗೆ. ನಮ್ಮೂರಿನ ಗಾಡಿಗಳ ಮೇಲೆ ಕಾಣುವ 'ಹಕ್ಕಾ ನೂಡಲ್ಸ್' ಹೆಸರು ಕೋಲ್ಕತ್ತಾದ ಹಕ್ಕಾ ಕುಟುಂಬಗಳಿಂದ ಬಂದದ್ದು.

ಮೊದಲು ಹೊತ್ತು. ಈ ಅಜ್ಜಿಯರು ಬೆಳಕು ಹರಿಯುವ ಮೊದಲೇ ಕೂರುತ್ತಾರೆ, ಹನ್ನೊಂದರ ಹೊತ್ತಿಗೆ ಮಣೆ ಮಡಚುತ್ತಾರೆ. ತೈವಾನಿನ ಬಹುತೇಕ ಸಾಂಪ್ರದಾಯಿಕ ಮಾರುಕಟ್ಟೆಗಳಿಗೆ ಸೋಮವಾರ ರಜೆ, ಅಂದು ಹೋದರೆ ಬರಿಗೈ. ಚಾಂದ್ರಮಾನದ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನ ಪೂಜೆಯ ದಿನಗಳು. ಹೂವು, ಹಣ್ಣು, ಸೊಪ್ಪು ಬೇಗ ಖಾಲಿಯಾಗುತ್ತವೆ, ಬೆಲೆಯೂ ತುಸು ಏರಿರುತ್ತದೆ. ಚಾಂದ್ರಮಾನ ಮೊದಲ ತಿಂಗಳ ಇಪ್ಪತ್ತನೆಯ ದಿನ ಹೊಲದ ಕೆಲಸಕ್ಕೆ ಕೈ ಹಚ್ಚಬಾರದೆಂಬ ಹಕ್ಕಾ ಪದ್ಧತಿ ಇದೆ. ಅಂದು ಹಳೆಯ ತಲೆಮಾರಿನವರು ಕಡಿಮೆ ಕಾಣುತ್ತಾರೆ.

ಪುಟ್ಟತಕ್ಕಡಿ

ತೂಕದ ವಿಷಯ ಮೊದಲು ತಿಳಿಯಬೇಕು, ಹೊಸಬರು ಎಡವುವುದೇ ಇಲ್ಲಿ. ತೈವಾನಿನ ಒಂದು 'ಜಿನ್' 600 ಗ್ರಾಂ. ಅದರಲ್ಲಿ 16 'ಲಿಯಾಂಗ್', ಒಂದು ಲಿಯಾಂಗ್ 37.5 ಗ್ರಾಂ. ಚೀನಾದ ಮುಖ್ಯಭೂಮಿಯಲ್ಲಿ ಅದೇ ಹೆಸರಿನ ಜಿನ್ 500 ಗ್ರಾಂ, ಹಾಂಗ್‌ಕಾಂಗ್‌ನಲ್ಲಿ ಸುಮಾರು 605 ಗ್ರಾಂ. ಅಂತರ್ಜಾಲದ ಅಡುಗೆ ವಿಧಾನದಲ್ಲಿ 'ಹತ್ತು ಜಿನ್ ಸೊಪ್ಪು' ಎಂದಿದ್ದರೆ ಬರೆದವರು ಎಲ್ಲಿಯವರೆಂದು ನೋಡಿ, ಇಲ್ಲವಾದರೆ ಉಪ್ಪಿನ ಲೆಕ್ಕ ಕೆಡುತ್ತದೆ.

ಅಜ್ಜಿಯರ ಹತ್ತಿರ ತೂಕಕ್ಕಿಂತ ಗುಡ್ಡೆ ಮತ್ತು ಕಟ್ಟಿನ ಲೆಕ್ಕವೇ ಜಾಸ್ತಿ. ರಟ್ಟಿನ ತುಂಡಿನ ಮೇಲೆ ಇಷ್ಟು ಕಟ್ಟಿಗೆ ಇಷ್ಟು ಎಂದು ಬರೆದಿರುತ್ತಾರೆ. ಒಂದೇ ಕಟ್ಟು ಬೇಕಾದರೂ ಕೊಡುತ್ತಾರೆ, ಲೆಕ್ಕ ತುಸು ದುಬಾರಿಯಾಗುತ್ತದೆ. ಚೌಕಾಶಿ ಬೇಡ. ಅದರ ಬದಲು ಅಲ್ಲಿ ಕೊಸರು ಕೊಡುವ ರೂಢಿ ಇದೆ: ಎರಡು ಎಳೆ ಈರುಳ್ಳಿ ಸೊಪ್ಪು, ಒಂದು ತುಂಡು ಶುಂಠಿ, ನಾಲ್ಕು ಮೆಣಸಿನಕಾಯಿ. ಬೆಲೆ ಇಳಿಸಿ ಎಂದವರಿಗೆ ಕೊಸರು ಸಿಗುವುದಿಲ್ಲ. ಚಿಲ್ಲರೆ ಒಯ್ಯಿರಿ. ಬೆಳಿಗ್ಗೆ ಆರಕ್ಕೆ ಸಾವಿರದ ನೋಟು ಚಾಚಿದರೆ ಅವರಿಗೆ ನಿಜವಾಗಿ ತೊಂದರೆ.

ಅವರು ಮಾರುವುದರಲ್ಲಿ ಕೈಕೆಲಸದ ಬೆಲೆಯೂ ಸೇರಿದೆ ಎಂಬುದನ್ನು ಗಮನಿಸಿ. ಸಿಹಿಗೆಣಸಿನ ಸೊಪ್ಪಿನ ದಂಟಿನ ನಾರು ಸುಲಿದು ಕೊಡುತ್ತಾರೆ, ಕಾಳು ಬಿಡಿಸಿ ಕೊಡುತ್ತಾರೆ, ಕೈ ತುರಿಸುವ ಕೆಸುವಿನ ಗಡ್ಡೆಯ ಸಿಪ್ಪೆ ಹೆರೆದು ಕೊಡುತ್ತಾರೆ. ಒಂದೇ ಸೊಪ್ಪು ಎರಡು ಬೆಲೆಗೆ ಕಂಡರೆ ಕಾರಣ ಇದು. ಸುಲಿದ ಸೊಪ್ಪನ್ನು ಅಂದೇ ಬೇಯಿಸಬೇಕು, ಮರುದಿನಕ್ಕೆ ದಂಟು ಕಪ್ಪಾಗುತ್ತದೆ.

ಮನೆಗೆ ತಂದ ಮೇಲೆ ಆಗುವ ದೊಡ್ಡ ನಷ್ಟ ನೀರಿನಿಂದ. ಬಾಡದಿರಲೆಂದು ಕಟ್ಟಿನ ಮೇಲೆ ನೀರು ಚಿಮುಕಿಸಿರುತ್ತಾರೆ. ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್‌ನಲ್ಲಿಟ್ಟರೆ ನಡುವಿನ ಎಲೆ ಎರಡೇ ದಿನಕ್ಕೆ ಲೋಳೆಯಾಗುತ್ತದೆ. ಕಟ್ಟಿನ ದಾರ ಬಿಚ್ಚಿ, ಕೊಡವಿ, ಕಾಗದದಲ್ಲಿ ಸುತ್ತಿ, ಬುಡ ಕೆಳಗಾಗಿ ನಿಲ್ಲಿಸಿ. ಕಾಮಕಸ್ತೂರಿ ಜಾತಿಯ ಬೇಸಿಲ್ ಸೊಪ್ಪನ್ನು ಫ್ರಿಜ್‌ನಲ್ಲಿ ಇಡಲೇಬೇಡಿ, ತಂಡಿಗೆ ಎಲೆ ಕಪ್ಪಗಾಗುತ್ತದೆ. ಲೋಟದ ನೀರಿನಲ್ಲಿ ಹೊರಗಿಡಿ.

ಉಪ್ಪಿನಭರಣಿ

ಈ ಮಣೆಗಳ ಬೆನ್ನೆಲುಬು ದಪ್ಪ ದಂಟಿನ ಸಾಸಿವೆ ಸೊಪ್ಪು. ಅದನ್ನು ಬಿಟ್ಟು ಹಕ್ಕಾ ಮಾರುಕಟ್ಟೆಯ ಬಗ್ಗೆ ಮಾತಾಡಿದರೆ ಅರ್ಧವೇ ಮಾತಾಡಿದ ಹಾಗೆ. ಒಂದೇ ಗಿಡದಿಂದ ಮೂರು ಸರಕು ಆಗುತ್ತವೆ: ಹುಳಿ ಸೊಪ್ಪು (ಹಾಮ್ ಛೊಯ್), ಬಾಟಲಿ ಸೊಪ್ಪು (ಪುಕ್ ಛೊಯ್, ಮ್ಯಾಂಡರಿನ್‌ನಲ್ಲಿ ಫು ತ್ಸಾಯ್), ಒಣ ಸೊಪ್ಪು (ಹಾಮ್ ಛೊಯ್ ಗೊನ್, ಮ್ಯಾಂಡರಿನ್‌ನಲ್ಲಿ ಮೇ ಗಾನ್ ತ್ಸಾಯ್).

ಎರಡನೆಯ ಭತ್ತದ ಕೊಯ್ಲು ಮುಗಿದ ಮೇಲೆ ಖಾಲಿ ಗದ್ದೆಯಲ್ಲಿ ಸಸಿ ನೆಡುತ್ತಾರೆ. ಚಳಿಗಾಲದಲ್ಲಿ ಬೆಳೆದು, ಚೀನೀ ಹೊಸವರ್ಷದ ಆಸುಪಾಸಿಗೆ ಕಟಾವು. ಎಲ್ಲರ ಗದ್ದೆಯೂ ಒಟ್ಟಿಗೇ ಬರುವುದರಿಂದ ಹಸಿ ಸೊಪ್ಪಿನ ಬೆಲೆ ಆಗ ನೆಲ ಕಚ್ಚುತ್ತದೆ. ಉಪ್ಪು ಹಾಕುವುದು ರುಚಿಗಷ್ಟೇ ಅಲ್ಲ, ಎರಡು ವಾರದಲ್ಲಿ ಬಂದುಬಿಡುವ ಬೆಳೆಯನ್ನು ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಮಾರುವ ದಾರಿ ಅದು. ಆಗಸ್ಟ್ ತಿಂಗಳ ಬಿಸಿಲಿನಲ್ಲಿ, ಬಿರುಗಾಳಿಗೆ ಸೊಪ್ಪೆಲ್ಲ ಹಾಳಾದ ವಾರದಲ್ಲಿ, ಆ ಮಣೆಯ ಮುಂದೆ ಇರುವುದು ಫೆಬ್ರವರಿಯ ಬಾಟಲಿ. ಮಿಯಾವ್‌ಲಿ ಜಿಲ್ಲೆಯ ಗೊಂಗ್‌ಗುವಾನ್ ಈ ಬಾಟಲಿ ಸೊಪ್ಪಿಗೆ ಇಡೀ ತೈವಾನಿನಲ್ಲಿ ಹೆಸರುವಾಸಿ.

ಕ್ರಮ ಹೀಗೆ. ಬುಡ ಕೊಯ್ದು ಗದ್ದೆಯಲ್ಲೇ ತಲೆಕೆಳಗಾಗಿ ಒಂದೆರಡು ದಿನ ಬಾಡಿಸುತ್ತಾರೆ. ದಂಟು ಬಗ್ಗಿಸಿದರೆ ಪಟ್ ಎಂದು ಮುರಿಯಬಾರದು, ಬಳುಕಬೇಕು. ತೊಟ್ಟಿಯಲ್ಲಿ ಒಂದು ಪದರ ಸೊಪ್ಪು, ಒಂದು ಪದರ ಕಲ್ಲುಪ್ಪು. ನೂರು ಜಿನ್ ಸೊಪ್ಪಿಗೆ ಐದಾರು ಜಿನ್ ಉಪ್ಪು ರೂಢಿ. ಎಲೆಗಿಂತ ದಂಟಿನ ಕಡೆಗೆ ಹೆಚ್ಚು ಉಪ್ಪು ಬೀಳಬೇಕು, ನೀರು ಇರುವುದು ಅಲ್ಲಿ. ಪ್ರತಿ ಪದರವನ್ನೂ ಕಾಲಿನಿಂದ ತುಳಿದು ರಸ ಬಿಡಿಸಿ, ಮೇಲೆ ಭಾರದ ಕಲ್ಲು ಹೇರುತ್ತಾರೆ. ಮರುದಿನದ ಹೊತ್ತಿಗೆ ಸೊಪ್ಪಿನ ಸ್ವಂತ ನೀರು ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಉಪ್ಪು ಕಡಿಮೆಯಾಗಿದೆ, ಇಲ್ಲವೇ ಕಲ್ಲು ಸಾಲದು, ಇಲ್ಲವೇ ಸೊಪ್ಪು ಅತಿಯಾಗಿ ಬಾಡಿದೆ. ಸುಮಾರು ಎರಡು ವಾರಕ್ಕೆ ಹಸಿರು ಹೋಗಿ ಹಳದಿ ಬಣ್ಣ ಬರುತ್ತದೆ. ಅದೇ ಹುಳಿ ಸೊಪ್ಪು.

ಬಾಟಲಿ ಸೊಪ್ಪಿಗೆ ತೊಟ್ಟಿಯಿಂದ ತೆಗೆದು ಗಳಕ್ಕೋ ಕಲ್ಲಿನ ಗೋಡೆಗೋ ಹರವಿ ಎರಡು ಮೂರು ದಿನ ಬಿಸಿಲು ಕೊಡುತ್ತಾರೆ. ಇಲ್ಲಿಯೇ ಇಡೀ ಕೆಲಸದ ಗುಟ್ಟಿದೆ. ಹಿಂಡಿದರೆ ಹನಿ ಬೀಳಬಾರದು, ಆದರೆ ಎಳೆ ಮೆದುವಾಗಿ ಮಡಚಬೇಕು. ಉದ್ದಕ್ಕೆ ಸೀಳಿ, ಬಾಯಿ ಕಿರಿದಾದ ಗಾಜಿನ ಬಾಟಲಿಗೆ ಕಬ್ಬಿಣದ ಸರಳಿನಿಂದ ಗಿಡಿಯುತ್ತಾರೆ. ಹಳಬರು 600 ಮಿಲಿಲೀಟರಿನ ಅಕ್ಕಿ ಮದ್ಯದ ಬಾಟಲಿಗಳನ್ನೇ ತೊಳೆದು ಬಳಸುತ್ತಾರೆ. ಒಂದು ತುತ್ತು ಹಾಕಿ ಗಿಡಿದ ಮೇಲೆಯೇ ಮುಂದಿನ ತುತ್ತು. ಬಾಯಿಗೆ ಎಲೆಯ ಬಿರಡೆ ತುರುಕಿ, ಮುಚ್ಚಿ, ತಲೆಕೆಳಗು ನಿಲ್ಲಿಸುತ್ತಾರೆ. ಉಳಿದ ನೀರು ಬಾಯಿಯ ಕಡೆ ಇಳಿಯುತ್ತದೆ, ಗಾಳಿ ಒಳಹೋಗುವುದಿಲ್ಲ. ಮೂರು ತಿಂಗಳಿಗೆ ಮೊದಲು ತೆಗೆಯುವುದಿಲ್ಲ, ಆರು ತಿಂಗಳಾದರೆ ಪರಿಮಳ ಕೂಡಿಬರುತ್ತದೆ.

ಕೆಡುವುದು ಎರಡು ರೀತಿ. ಒದ್ದೆ ಹೆಚ್ಚಿದ್ದರೆ ಬಾಟಲಿಯೊಳಗೆ ಹುಳಿ ಮುಂದುವರಿದು ಗಾಳಿ ಕಟ್ಟುತ್ತದೆ, ಮುಚ್ಚಳ ಉಬ್ಬುತ್ತದೆ, ಸೊಪ್ಪು ಮೆತ್ತಗಾಗುತ್ತದೆ. ಒಣಗಿದ್ದು ಹೆಚ್ಚಾದರೆ ಎಷ್ಟು ಗಿಡಿದರೂ ಎಳೆಗಳ ನಡುವೆ ಸಂದು ಉಳಿದು ಅಲ್ಲಿ ಬೂಸ್ಟು ಹಿಡಿಯುತ್ತದೆ. ಬಿಸಿಲಿಗೆ ಹಾಕಿದ ದಿನವೇ ಮಳೆ ಬಂದರೆ ಸೊಪ್ಪನ್ನು ಮತ್ತೆ ಉಪ್ಪುನೀರಿನ ತೊಟ್ಟಿಗೆ ಇಳಿಸಿ ಮೋಡ ಸರಿಯುವವರೆಗೆ ಕಾಯುವುದೇ ಸರಿ. ಮಳೆನೀರು ಕುಡಿದ ಸೊಪ್ಪಿನಲ್ಲಿ ಉಪ್ಪು ಇಳಿದುಹೋಗಿರುತ್ತದೆ, ಅದು ಬಾಟಲಿಯಲ್ಲಿ ನಿಲ್ಲುವುದಿಲ್ಲ.

ಒಣ ಸೊಪ್ಪಿಗೆ ಹೇಳುವುದು ಕಡಿಮೆ: ಗರಿಗರಿಯಾಗುವವರೆಗೆ ಒಣಗಿಸಿ ಸಿಂಬೆ ಸುತ್ತಿಡುತ್ತಾರೆ. ಮರಳು ಇರುತ್ತದೆ, ನೆನೆಸಿ ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ.

ಹಸಿರುತಟ್ಟೆ

ಎರಡು ಪ್ರಶ್ನೆ. ಬಾಟಲಿ ಸೊಪ್ಪು ಕೊಳ್ಳುವಾಗ ಒಳ್ಳೆಯದು ಕೆಟ್ಟದ್ದು ಹೇಗೆ ಗೊತ್ತಾಗಬೇಕು? ಮಾಂಸ ತಿನ್ನದವರು ಈ ಮಾರುಕಟ್ಟೆಯಲ್ಲಿ ಏನೇನು ನಂಬಿ ಕೊಳ್ಳಬಹುದು?

ಉಪ್ಪಿನಭರಣಿ

ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ಜೇನಿನ ಬಣ್ಣದಿಂದ ಕಂದುವರೆಗೆ ಎಲ್ಲವೂ ಸರಿ, ಹಳೆಯದಾದಷ್ಟೂ ಬಣ್ಣ ಗಾಢವಾಗುತ್ತದೆ. ಗಾಜಿಗೂ ಸೊಪ್ಪಿಗೂ ನಡುವೆ ಬೆರಳು ತೂರುವಷ್ಟು ಖಾಲಿ ಜಾಗ ಕಂಡರೆ ಬಿಡಿ. ಒಂದೇ ಬಾಟಲಿಯಲ್ಲಿ ಒಂದು ಕಡೆ ಮಾತ್ರ ಕರಿ ಒದ್ದೆ ಕಲೆ ಇದ್ದರೂ ಬಿಡಿ. ಒಣ ಸೊಪ್ಪಿನ ಮೇಲೆ ಬಿಳಿ ಪುಡಿ ಕಂಡರೆ ಗಾಬರಿ ಬೇಡ: ಬೆರಳಿಗೆ ಹರಳು ಹರಳಾಗಿ ಹತ್ತಿದರೆ ಅದು ಉಪ್ಪು. ಹತ್ತಿಯ ಹಾಗೆ ನೂಲುನೂಲಾಗಿ ನಿಂತಿದ್ದರೆ, ಹಸಿರು ಕಪ್ಪು ಬಣ್ಣವಿದ್ದರೆ, ಅದು ಬೂಸ್ಟು. ಅಂಥದ್ದನ್ನು ತೊಳೆದು ಬಳಸುವ ಯೋಚನೆಯೂ ಬೇಡ.

ಅಡುಗೆಗೆ ಮೊದಲು ಹತ್ತು ನಿಮಿಷ ನೆನೆಸಿ ಹಿಂಡಿ. ಸಾರಿಗೆ ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಹಾಕಬೇಕು, ಹೆಚ್ಚಿನ ಸಲ ಬೇಕಾಗುವುದೇ ಇಲ್ಲ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ದಿನನಿತ್ಯದ ಪದಾರ್ಥವಲ್ಲ.

ಪುಟ್ಟತಕ್ಕಡಿ

@ಹಸಿರುತಟ್ಟೆ, ಉಪ್ಪಿನ ಸೊಪ್ಪು, ಒಣ ಮೂಲಂಗಿ, ಕಿತ್ತಳೆ ಜಾತಿಯ ಹುಳಿಹಣ್ಣಿನ ಗೊಜ್ಜು ಸಾಮಾನ್ಯವಾಗಿ ಸಸ್ಯಾಹಾರವೇ. ಆ ಗೊಜ್ಜನ್ನು ಹಣ್ಣು ಬೇಯಿಸಿ, ಬೀಜ ತೆಗೆದು, ಅರೆದು, ಉಪ್ಪು ಮೆಣಸಿನಕಾಯಿ ಹಾಕಿ ಮಾಡುತ್ತಾರೆ. ಕೆಲವರು ಅಕ್ಕಿ ಮದ್ಯ ಸೇರಿಸುವುದುಂಟು, ಬೇಡದವರು ಕೇಳಿಕೊಳ್ಳಿ.

ಎಡವುವುದು 'ಬಾನ್' ಎಂಬ ಅಕ್ಕಿ ಹಿಟ್ಟಿನ ತಿಂಡಿಗಳಲ್ಲಿ. ಹಬೆಯಲ್ಲಿ ಬೆಂದ ಬಿಳಿ ಕಡುಬಿನ ಹೂರಣ ಒಣ ಮೂಲಂಗಿಯ ತುರಿ ಎಂದರೂ ಅದರೊಳಗೆ ಒಣ ಸೀಗಡಿ, ಹಂದಿಮಾಂಸದ ಚೂರು ಇರುತ್ತವೆ. ಅಗಲ ಅಕ್ಕಿ ಶಾವಿಗೆಯ ಮೇಲಿನ ಹುರಿದ ಈರುಳ್ಳಿಯನ್ನು ಹಂದಿಯ ಕೊಬ್ಬಿನಲ್ಲಿ ಕರಿದಿರುತ್ತಾರೆ. 'ಮಾಂಸ ಬೇಡ' ಎಂದರೆ ಮಾಂಸದ ತುಂಡು ಮಾತ್ರ ತೆಗೆದು ಕೊಡುತ್ತಾರೆ. 'ಸು' ಎನ್ನಿ, ಅಂದರೆ ಸಸ್ಯಾಹಾರ. ಆ ಅಕ್ಷರ ಬರೆದಿಟ್ಟಿರುವ ಅಂಗಡಿಯಲ್ಲಿ ಸಾಮಾನ್ಯವಾಗಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಮೊಟ್ಟೆ ಇರಬಹುದು, ಅದನ್ನು ಪ್ರತ್ಯೇಕವಾಗಿ ಕೇಳಬೇಕು.

ಹಿಟ್ಟಿನ ಹದ ತಿಳಿಯಬೇಕೆಂದವರಿಗೆ: ಅಂಟಕ್ಕಿ ಮತ್ತು ಸಾದಾ ಅಕ್ಕಿಯನ್ನು ನೆನೆಸಿ ರುಬ್ಬಿ, ಬಟ್ಟೆಯಲ್ಲಿ ಕಟ್ಟಿ, ಕಲ್ಲು ಹೇರಿ ನೀರು ಬಸಿಯುತ್ತಾರೆ. ಆ ಮುದ್ದೆಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ತೆಗೆದು ಕುದಿನೀರಿನಲ್ಲಿ ಬೇಯಿಸಿ, ಮತ್ತೆ ಹಸಿ ಹಿಟ್ಟಿಗೆ ಸೇರಿಸಿ ನಾದುತ್ತಾರೆ. ಈ ಬೆಂದ ಪಾಲು ಇಲ್ಲದಿದ್ದರೆ ಹಿಟ್ಟು ಎಳೆದ ಕೂಡಲೇ ಹರಿಯುತ್ತದೆ, ಹೂರಣ ನಿಲ್ಲುವುದಿಲ್ಲ. ಬೇಯಿಸುವಾಗ ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆರೆದು ಹಬೆ ಬಿಡಬೇಕು. ಬಿಡದೆ ಜೋರು ಉರಿಯಲ್ಲಿಟ್ಟರೆ ಆಕಾರ ಕುಸಿದು ಚಪ್ಪಟೆಯಾಗುತ್ತದೆ.

ಕಳಲೆಕಾಡು

ಬೇಸಿಗೆಯಲ್ಲಿ ಹೋಗುವವರು ಸಿನ್‌ಚು ಜಿಲ್ಲೆಯ ಬಾವ್‌ಶಾನ್ ಕಡೆಯ ಹಸಿರು ಬಿದಿರಿನ ಕಳಲೆ ಬಿಡಬೇಡಿ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಬರುತ್ತದೆ. ಮಲೆನಾಡು, ಕೊಡಗಿನ ಕಳಲೆಯನ್ನು ದಿನಗಟ್ಟಲೆ ನೀರು ಬದಲಿಸಿ ನೆನೆಸುವ ನಮಗೆ ಇದು ನಂಬಲಾಗದ ವಿಷಯ: ಒಳ್ಳೆಯ ಹಸಿರು ಬಿದಿರಿನ ಕಳಲೆಯನ್ನು ನೆನೆಸುವ ಅಗತ್ಯವೇ ಇಲ್ಲ.

ಆದರೆ ಆರಿಸುವುದು ಗೊತ್ತಿರಬೇಕು. ಮೊಳಕೆಯ ತುದಿ ಮಣ್ಣಿನಿಂದ ಹೊರಬಂದು ಬೆಳಕು ಕಂಡರೆ ಹಸಿರಾಗಿ ಕಹಿಯಾಗುತ್ತದೆ. ಅದಕ್ಕೇ ನೆಲ ಬಿರುಕು ಬಿಟ್ಟದ್ದನ್ನು ನೋಡಿ, ಸೂರ್ಯ ಹುಟ್ಟುವ ಮೊದಲೇ ಅಗೆಯುತ್ತಾರೆ. ಹಸುವಿನ ಕೋಡಿನಂತೆ ಬಾಗಿದ, ಗಿಡ್ಡ, ಬುಡ ಬೆಳ್ಳಗಿರುವ, ತುದಿ ಹಸಿರಾಗದ ಕಳಲೆ ಆರಿಸಿ. ನೆಟ್ಟಗೆ ಉದ್ದವಾಗಿ ಇದ್ದರೆ ಅದು ಬೆಳಕಿನ ಕಡೆ ಓಡಿದ್ದು, ಕಹಿ ಇರುತ್ತದೆ. ಕೊಯ್ದ ಮೇಲೂ ಬೆಳೆಯುತ್ತಲೇ ಇರುವುದರಿಂದ ಮನೆ ಸೇರಿದ ತಕ್ಷಣ ಸಿಪ್ಪೆ ಸಮೇತ ತಣ್ಣೀರಿನಲ್ಲಿ ಇಳಿಸಿ, ಆ ನೀರೇ ಕುದಿ ಬರಲಿ. ಒಟ್ಟು 40 ನಿಮಿಷದಿಂದ ಒಂದು ಗಂಟೆ. ಮುಚ್ಚಳ ತೆಗೆಯಬೇಡಿ, ಅದೇ ನೀರಿನಲ್ಲೇ ಆರಲಿ. ಕುದಿಯುವ ನೀರಿಗೆ ಹಸಿ ಕಳಲೆ ಹಾಕಿದರೆ ಕಹಿ ಒಳಗೇ ಉಳಿಯುತ್ತದೆ ಎಂದು ಮಾರುವವರೇ ಎಚ್ಚರಿಸುತ್ತಾರೆ. ಆಮೇಲೆ ಸುಲಿದು ತಣ್ಣಗೆ ತಿನ್ನುವುದು.

ವಸಂತದಲ್ಲಿ ಬೆಟ್ಟದ ಕಡೆಯಿಂದ ಬರುವ ಸಣ್ಣ ಉದ್ದನೆಯ ಕಳಲೆ ಬೇರೆ ಜಾತಿ. ಅದನ್ನು ಅವರೇ ಬೇಯಿಸಿ ತಂದಿರುತ್ತಾರೆ. ಎರಡಕ್ಕೂ ಒಂದೇ ಕ್ರಮ ಅನ್ವಯಿಸಬೇಡಿ.

ತೆಂಕಣಗಾಳಿ

ಉತ್ತರದ ಮಾತೇ ಆಯಿತು. ದಕ್ಷಿಣದ ಗಾವ್‌ಶ್ಯುಂಗ್ ನಗರಕ್ಕೆ ಸೇರಿದ ಮೇನೊಂಗ್ ಕೂಡ ಹಕ್ಕಾ ಊರು, ಅಲ್ಲಿನ ಸರಕು ಬೇರೆ. ಒಂದು ಕಾಲಕ್ಕೆ ಅದು ಹೊಗೆಸೊಪ್ಪಿನ ಸೀಮೆ. 2002ರಲ್ಲಿ ತೈವಾನ್ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಮೇಲೆ ಆ ಬೆಳೆ ಇಳಿಯುತ್ತ ಹೋಯಿತು. ಈಗ ಚಳಿಗಾಲದಲ್ಲಿ ಬೆರಳುದ್ದದ ತೆಳು ಸಿಪ್ಪೆಯ ಬಿಳಿ ಮೂಲಂಗಿ, ವರ್ಷವಿಡೀ 'ಕಾಡು ತಾವರೆ' ಎಂದು ಕರೆಯುವ ನೀರುಬಳ್ಳಿ. ಹೆಸರು ಹಾಗಿದ್ದರೂ ತಾವರೆಗೂ ಅದಕ್ಕೂ ಸಂಬಂಧವಿಲ್ಲ. ಎದೆಮಟ್ಟದ ಕೊಳದಲ್ಲಿ ನಿಂತು ಮನುಷ್ಯನ ಎತ್ತರಕ್ಕೂ ಮೀರುವ ದಂಟನ್ನು ಬುಡದಿಂದ ಕಿತ್ತು, ತೊಳೆದು, ಸಿಂಬೆ ಸುತ್ತಿ ಮಾರುತ್ತಾರೆ. ಕೀಳುವ ಕೆಲಸ ಚಳಿಯಲ್ಲೂ ನಿಲ್ಲುವುದಿಲ್ಲ. ಒಂದು ಸಿಂಬೆಯ ಬೆಲೆ ಕೇಳಿ ಜಾಸ್ತಿ ಎನ್ನುವ ಮೊದಲು ಅದನ್ನು ನೆನೆಯಬೇಕು. ಬೆರಳುದ್ದ ಕತ್ತರಿಸಿ, ಕಾದ ಎಣ್ಣೆಯಲ್ಲಿ ಒಂದೆರಡು ನಿಮಿಷ ಬಾಡಿಸಿದರೆ ಕರಕರ ಎನ್ನುತ್ತದೆ. ಹೆಚ್ಚು ಹೊತ್ತಾದರೆ ನಾರು.

ಮೂಲಂಗಿ ಒಣಗಿಸುವ ಕ್ರಮ ಸಾಸಿವೆ ಸೊಪ್ಪಿಗಿಂತ ಸುಲಭ, ಕಾಯುವುದು ಮಾತ್ರ ಹೆಚ್ಚು. ಸಿಪ್ಪೆ ಸಮೇತ ಉದ್ದಕ್ಕೆ ಸೀಳಿ, ತೂಕದ ನೂರಕ್ಕೆ ಐದಾರು ಭಾಗ ಉಪ್ಪಿನಲ್ಲಿ ತಿಕ್ಕುತ್ತಾರೆ. ಹಗಲು ಬಿಸಿಲು, ರಾತ್ರಿ ತೊಟ್ಟಿಯಲ್ಲಿ ಕಲ್ಲಿನ ಕೆಳಗೆ. ಹೀಗೆ ನಾಲ್ಕಾರು ದಿನ. ಆಮೇಲೆ ಭರಣಿಗೆ ಗಿಡಿದು ಮುಚ್ಚುವುದು. ಹೊಸದು ಹಳದಿ. ಹತ್ತು ವರ್ಷ ದಾಟಿದ್ದು ಕಪ್ಪಗೆ, ಮೆತ್ತಗೆ ಇರುತ್ತದೆ. ಅದರ ಎರಡು ಮೂರು ತುಂಡನ್ನು ಹಸಿ ಮೂಲಂಗಿಯ ಜತೆ ಸಾರಿಗೆ ಹಾಕಿದರೆ ಸಾಕು. ಹಳೆಯದೆಂದು ಸೋಯಾ ಸಾಸ್‌ನ ಬಣ್ಣ ಹಚ್ಚಿ ಮಾರುವುದೂ ಇದೆ. ನೀರಿಗೆ ಹಾಕಿ ನೋಡಿ, ಹೊರಗೆ ಹಚ್ಚಿದ ಬಣ್ಣ ಬೇಗ ಬಿಟ್ಟು ಒಳಗಿನ ತಿರುಳು ಹಳದಿಯಾಗಿಯೇ ಕಾಣುತ್ತದೆ.

ದಾರಿಹೋಕ

ತರಕಾರಿ ಸರಿ. ಆದರೆ ಕಾಲುದಾರಿಯನ್ನೆಲ್ಲ ಹಿಡಿದು ಕೂತರೆ ನಡೆಯುವವರು ಎಲ್ಲಿ ಹೋಗಬೇಕು? ಮಾರುಕಟ್ಟೆ ಕಟ್ಟಡ ಕಟ್ಟಿರುವುದೇ ಅದಕ್ಕಲ್ಲವೇ? ಎಂಬತ್ತು ದಾಟಿದವರನ್ನು ಬಿಸಿಲಿನಲ್ಲಿ ಕೂರಿಸುವುದು ಯಾವ ಅಭಿಮಾನ? ಪಿಂಚಣಿ ಕೊಟ್ಟು ಮನೆಯಲ್ಲಿರಿಸಲಿ.

ಸಿನ್‌ಚುಕನ್ನಡಿಗ

@ದಾರಿಹೋಕ, ಪಿಂಚಣಿ ಇದೆ. ತೈವಾನಿನ ವೃದ್ಧ ರೈತರ ಭತ್ಯೆ 1995ರಲ್ಲಿ ತಿಂಗಳಿಗೆ 3,000 ತೈವಾನ್ ಡಾಲರಿನಿಂದ ಶುರುವಾಗಿ 2024ರಿಂದ 8,110 ಆಗಿದೆ. 65 ದಾಟಿ, ರೈತ ವಿಮೆಯಲ್ಲಿ ನಿಗದಿತ ವರ್ಷ ಇದ್ದವರಿಗೆ ಸಿಗುತ್ತದೆ. ಅದು ಊಟಕ್ಕೆ ಆಗುತ್ತದೆ, ಅದರ ಮೇಲೆ ಹೆಚ್ಚೇನೂ ಆಗದು. ಗದ್ದೆಯಲ್ಲಿ ಬೆಳೆದದ್ದು ಮನೆಮಂದಿ ತಿಂದು ಮಿಕ್ಕುವ ಮನೆಯಲ್ಲಿ ಆ ಮಿಕ್ಕದ್ದನ್ನು ಸಗಟು ವ್ಯಾಪಾರಿ ಕೊಳ್ಳುವುದಿಲ್ಲ. ಹದಿನೈದು ಕಟ್ಟು ಸೊಪ್ಪಿಗೆ, ಆರು ಕಳಲೆಗೆ ಲಾರಿ ಬರುವುದಿಲ್ಲ. ಆ ಅಳತೆಯ ಸರಕಿಗೆ ಸರಿಹೊಂದುವ ಅಂಗಡಿ ಎಂದರೆ ಒಂದು ಮಣೆ ಮಾತ್ರ.

ಕಟ್ಟಡದ ಮಾತು. ಒಳಗಿನ ಅಂಗಡಿಗೆ ತಿಂಗಳ ಬಾಡಿಗೆ ಇರುತ್ತದೆ. ವಾರಕ್ಕೆ ಮೂರು ಬೆಳಗ್ಗೆ, ಅದೂ ಬೆಳೆ ಇದ್ದಾಗ ಮಾತ್ರ ಬರುವವರಿಗೆ ಆ ಲೆಕ್ಕ ಕೂಡಿ ಬರುವುದಿಲ್ಲ. ಮೇಲಿನ ಮಹಡಿಗೆ ತರಕಾರಿ ಹಾಕಿದ ಮಾರುಕಟ್ಟೆಗಳು ಹೆಚ್ಚಿನ ಕಡೆ ಬಣಗುಡುತ್ತವೆ. ಮಾರುವವರಿಗೂ ಮಂಡಿನೋವು, ಕೊಳ್ಳುವವರಿಗೂ ಮಂಡಿನೋವು.

ಕಾಲುದಾರಿಯ ತಕರಾರು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಸರಿಯಾದ ದಾರಿ ಸ್ವಂತ ಬೆಳೆ ಮಾರುವವರಿಗೆ ನೆಲಮಟ್ಟದಲ್ಲಿ ಗೆರೆ ಎಳೆದ ಜಾಗ, ನೆರಳಿನ ಮಾಡು, ಒಂದು ನಲ್ಲಿ, ಹತ್ತಿರದಲ್ಲಿ ಶೌಚಾಲಯ, ಹನ್ನೊಂದಕ್ಕೆ ಖಾಲಿ ಮಾಡುವ ನಿಯಮ. ಶೌಚಾಲಯ ದೂರವಿರುವ ಕಡೆ ಈ ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಬೇಸಿಗೆಯಲ್ಲಿ ತಲೆಸುತ್ತು ಬರುವುದಕ್ಕೆ ಬಿಸಿಲಿನಷ್ಟೇ ಅದೂ ಕಾರಣ.

ಬಂದರಿನಬದಿ

ಹಾಂಗ್‌ಕಾಂಗ್‌ನಲ್ಲಿ ಇದೇ ಕಥೆ ಇನ್ನೂ ಬಿಗಿ. ಹೊಸ ಪ್ರಾಂತ್ಯದ (ನ್ಯೂ ಟೆರಿಟರೀಸ್) ತಾಯ್ ಪೊ, ಫಾನ್‌ಲಿಂಗ್ ಕಡೆಯ ಹಕ್ಕಾ ಹೆಂಗಸರು ನಡುವೆ ತೂತು ಇರುವ ಚಪ್ಪಟೆ ಬಿದಿರಿನ ಟೋಪಿ ಹಾಕುತ್ತಿದ್ದರು, ಅದರ ಅಂಚಿಗೆ ಕಪ್ಪು ಬಟ್ಟೆಯ ಜಾಲರಿ. ಹಳೆಯ ಚಿತ್ರಗಳಲ್ಲಿ ಕಾಣುವ ಈ ಟೋಪಿ ಈಗ ಅಪರೂಪ. ಜಾಲರಿ ಅಲಂಕಾರಕ್ಕಲ್ಲ: ಮುಖ, ಕುತ್ತಿಗೆಗೆ ನೆರಳು, ಬಗ್ಗಿ ಕೆಲಸ ಮಾಡುವಾಗ ಗಾಳಿ ಆಡುತ್ತದೆ.

ಅಲ್ಲಿ 1970ರ ದಶಕದಿಂದಲೇ ಬೀದಿ ವ್ಯಾಪಾರದ ಹೊಸ ಪರವಾನಗಿ ಕೊಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದರು. ಇದ್ದವರು ವಯಸ್ಸಾಗಿ ಬಿಟ್ಟ ಹಾಗೆಲ್ಲ ಸಂಖ್ಯೆ ತಾನಾಗಿಯೇ ಕರಗಿತು. ಪರವಾನಗಿ ಇಲ್ಲದೆ ಕೂತರೆ ಆಹಾರ ಮತ್ತು ಪರಿಸರ ನೈರ್ಮಲ್ಯ ಇಲಾಖೆಯವರು ಸರಕು ಜಪ್ತಿ ಮಾಡಬಹುದು. ಆದ್ದರಿಂದ ಅಂಥ ಅಜ್ಜಿಯರು ಒಂದೇ ಕೈಯಲ್ಲಿ ಎತ್ತಿಕೊಳ್ಳುವಷ್ಟೇ ಸರಕು ತರುತ್ತಾರೆ, ಇಲಾಖೆಯವರ ಪಾಳಿ ಶುರುವಾಗುವ ಮೊದಲೇ ಮುಗಿಸುತ್ತಾರೆ. ಅಲ್ಲಿ ಕೊಳ್ಳುವವರು ಆರೂವರೆಗೆ ಮೊದಲೇ ಹೋಗಬೇಕು.

ಹೂಗ್ಲಿದಂಡೆ

ಭಾರತದಲ್ಲೇ ಹಕ್ಕಾ ಬೆಳಗಿನ ಸಂತೆ ಇದೆ: ಕೋಲ್ಕತ್ತಾದ ತಿರೆಟ್ಟಾ ಬಜಾರ್. ಪೊದ್ದಾರ್ ಕೋರ್ಟ್ ಹತ್ತಿರ, ಸನ್ ಯಾತ್ ಸೆನ್ ಬೀದಿಯ ಬಳಿ. ಭಾನುವಾರ ಜೋರು. ಆರಕ್ಕೆ ಇರಬೇಕು, ಎಂಟಕ್ಕೆ ಮುಗಿದಿರುತ್ತದೆ. ಹಿರಿಯರು ಮನೆಯಲ್ಲಿ ಮಾಡಿ ತಂದ ಮೀನುಂಡೆ ಸಾರು, ಬಾವ್ (ಹಬೆಯಲ್ಲಿ ಬೆಂದ ಹೂರಣದ ಬನ್), ಎಲೆಯಲ್ಲಿ ಕಟ್ಟಿದ ಅಂಟಕ್ಕಿ, ಸಾಸೇಜು ಮಾರುತ್ತಾರೆ. ಪಕ್ಕದಲ್ಲಿ ಬೊಕ್ ಚೊಯ್ ಎಂಬ ಚೀನೀ ಸೊಪ್ಪು, ಚೀನೀ ಕೋಸು. ಆ ಸೊಪ್ಪು ಮಾರುವವರಲ್ಲಿ ಈಗ ಚೀನೀಯರಿಗಿಂತ ಸ್ಥಳೀಯರೇ ಹೆಚ್ಚು.

ಹಕ್ಕಾಗಳು ಅಲ್ಲಿ ಚರ್ಮ ಹದಮಾಡುವವರು, ಬೆಂಟಿಂಕ್ ಬೀದಿಯ ಚಪ್ಪಲಿ ಅಂಗಡಿಯವರು. 1962ರ ಯುದ್ಧದ ಹೊತ್ತಿಗೆ ದೇಶದ ಸುಮಾರು 3,000 ಚೀನೀ ಮೂಲದವರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಇಟ್ಟರು. ಆಮೇಲೆ ಕುಟುಂಬಗಳು ಟೊರಾಂಟೊ ಮುಂತಾದ ಕಡೆ ಹೊರಟವು. 1996ರಲ್ಲಿ ಸುಪ್ರೀಂ ಕೋರ್ಟ್ ತಾಂಗ್ರಾದ ಚರ್ಮದ ಕಾರ್ಖಾನೆಗಳನ್ನು ನಗರದ ಹೊರಗೆ ಬಂತಲಾಗೆ ಸಾಗಿಸಲು ಆದೇಶಿಸಿತು. ಉಳಿದವರಲ್ಲಿ ಮುದುಕರೇ ಜಾಸ್ತಿ, ಬೆಳಗಿನ ಸಂತೆ ಕಿರಿದಾಗುತ್ತಿರುವುದು ಅದರಿಂದ.

@ದಾರಿಹೋಕ ಅವರ ಪ್ರಶ್ನೆಗೆ ನಮ್ಮ ದೇಶದಲ್ಲಿ ಕಾನೂನಿನ ಉತ್ತರವೇ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ 'ಸಹಜ ಮಾರುಕಟ್ಟೆ' ಎಂಬುದನ್ನು ಗುರುತಿಸುತ್ತದೆ, ಅಂದರೆ ಕೊಳ್ಳುವವರೂ ಮಾರುವವರೂ ರೂಢಿಯಿಂದ ಕೂಡುತ್ತ ಬಂದ ಜಾಗ. ಆ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ನೂರಕ್ಕೆ 40 ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು. ತಿರೆಟ್ಟಾಕ್ಕೂ ನಮ್ಮ ಕೆ.ಆರ್. ಮಾರುಕಟ್ಟೆಯ ಸುತ್ತ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರಿಗೂ ಇದೇ ಕಾಯ್ದೆ. ವ್ಯಾಪಾರಿಗಳನ್ನು ಎಣಿಸುವ ಸಮೀಕ್ಷೆಯ ದಿನ ಜಾಗದಲ್ಲಿ ಇಲ್ಲದವರ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ, ವಾರಕ್ಕೊಮ್ಮೆ ಬರುವ ಮುದುಕರಿಗೆ ಪೆಟ್ಟು ಬೀಳುವುದು ಅಲ್ಲಿ. ಭಾನುವಾರದ ಸಂತೆಯನ್ನು ಮಂಗಳವಾರ ಎಣಿಸಿದರೆ ಯಾರೂ ಸಿಗುವುದಿಲ್ಲ.

ಹಸಿರುತಟ್ಟೆ

ಬೆಂಗಳೂರಿನಲ್ಲಿ ಬಾಟಲಿ ಸೊಪ್ಪು ಮಾಡಲು ಆಗುತ್ತದೆಯೇ? ಇಲ್ಲಿ ಸಿಗುವುದು ತೆಳು ಎಲೆಯ ಸಾಸಿವೆ ಸೊಪ್ಪು.

ಉಪ್ಪಿನಭರಣಿ

ಆಗುತ್ತದೆ, ಅದೇ ರುಚಿ ಬರುವುದಿಲ್ಲ. ದಪ್ಪ ದಂಟು ಇಲ್ಲದ್ದರಿಂದ ಸೊಪ್ಪು ಬೇಗ ಮೆತ್ತಗಾಗುತ್ತದೆ. ಜನವರಿ ಫೆಬ್ರವರಿಯ ಒಣ ಹವೆಯಲ್ಲಿ ಮಾತ್ರ ಕೈ ಹಾಕಿ.

5 ಕಿಲೋ ಸೊಪ್ಪು ತೊಳೆದು, ನೀರು ಪೂರ್ತಿ ಆರಿದ ಮೇಲೆ ಅರ್ಧ ದಿನ ಬಿಸಿಲಿಗೆ ಹಾಕಿ. ತೆಳು ಎಲೆಗೆ ಎರಡು ದಿನ ಬೇಡ. ಬಾಡಿದ ಮೇಲೆ ಮತ್ತೆ ತೊಳೆಯಬೇಡಿ. ಈಗ ತೂಕ ಮಾಡಿ, ಪ್ರತಿ ಕಿಲೋಗೆ 50 ಗ್ರಾಂ ಕಲ್ಲುಪ್ಪು. ಉಪ್ಪು ಕಡಿಮೆ ಮಾಡುವ ಆಸೆ ಬೇಡ, ನಮ್ಮ ಸೆಖೆಗೆ ನೂರಕ್ಕೆ ಮೂರು ಸಾಲುವುದಿಲ್ಲ. ಗಾಜಿನ ಅಥವಾ ಪಿಂಗಾಣಿ ಭರಣಿಯಲ್ಲಿ ಪದರ ಹಾಕಿ, ಕೈಯಿಂದ ಜಜ್ಜಿ, ಸೊಪ್ಪಿನ ತೂಕದಷ್ಟೇ ಭಾರ ಹೇರಿ. ಸ್ಟೀಲು, ಅಲ್ಯೂಮಿನಿಯಂ ಬೇಡ, ಉಪ್ಪೂ ಹುಳಿಯೂ ಅದನ್ನು ತಿನ್ನುತ್ತವೆ. ಮರುದಿನ ನೀರು ಮೇಲೆ ಬರದಿದ್ದರೆ ಲೀಟರಿಗೆ 50 ಗ್ರಾಂ ಉಪ್ಪು ಕರಗಿಸಿ, ಕುದಿಸಿ, ಆರಿಸಿ ಮುಳುಗುವಷ್ಟು ಹುಯ್ಯಿರಿ.

ಮೇಲೆ ತೆಳು ಬಿಳಿ ಕೆನೆ ಬಂದರೆ ಸೌಟಿನಿಂದ ತೆಗೆದರೆ ಸಾಕು. ಬಣ್ಣದ ಬೂಸ್ಟು ಬಂದರೆ ಇಡೀ ಭರಣಿ ಚೆಲ್ಲಿ. ಮೊದಲ ವಾರ ಸೊಪ್ಪಿನ ನೈಟ್ರೈಟ್ ಅಂಶ ಏರಿ ಆಮೇಲೆ ಇಳಿಯುತ್ತದೆ, ಆದ್ದರಿಂದ ಅರೆ ಹುಳಿಯಾದದ್ದನ್ನು ತಿನ್ನಬೇಡಿ. ಮನೆಯಲ್ಲಿ ಮಾಡುವವರು 20 ದಿನ ಬಿಟ್ಟೇ ತೆಗೆಯಿರಿ. ಆಮೇಲೆ ಒಂದು ಒಂದೂವರೆ ದಿನ ಬಿಸಿಲು. ಹನಿ ಬೀಳದ ಹದ ಬಂದ ಕೂಡಲೇ ಬಾಟಲಿ. ಮೊದಲ ಸಲಕ್ಕೆ 200 ಮಿಲಿಲೀಟರಿನ ಸಣ್ಣ ಬಾಟಲಿಗಳಲ್ಲಿ ತುಂಬಿ, ಒಂದು ಕೆಟ್ಟರೂ ಉಳಿದದ್ದು ಉಳಿಯುತ್ತದೆ. ತಲೆಕೆಳಗು ನಿಲ್ಲಿಸುವ ತಟ್ಟೆಯಲ್ಲಿ ಬೂದಿಯೋ ಒಣ ಮರಳೋ ಹರಡಿ, ಇಳಿದ ನೀರನ್ನು ಅದು ಹೀರಿಕೊಳ್ಳುತ್ತದೆ.

ಹಸಿರುತಟ್ಟೆ

ತೆರೆದ ಬಾಟಲಿ ಎಷ್ಟು ದಿನ?

ಉಪ್ಪಿನಭರಣಿ

ಬಾಯಿ ತೆರೆದರೆ ಪೂರ್ತಿ ಹೊರಗೆಳೆಯಿರಿ, ತುದಿ ಬಾಗಿಸಿದ ಗಟ್ಟಿ ತಂತಿ ಇದ್ದರೆ ಸುಲಭ. ಒಂದು ಅಡುಗೆಗೆ ಬೇಕಾಗುವಷ್ಟು ಸಣ್ಣ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಡಿ, ತಿಂಗಳುಗಟ್ಟಲೆ ಇರುತ್ತದೆ. ಅರ್ಧ ತೆಗೆದು ಉಳಿದದ್ದನ್ನು ಬಾಟಲಿಯಲ್ಲೇ ಬಿಟ್ಟರೆ ಖಾಲಿಯಾದ ಭಾಗಕ್ಕೆ ಗಾಳಿ ಹೋಗಿ ವಾರದೊಳಗೆ ಬೂಸ್ಟು ಬರುತ್ತದೆ. ಖಾಲಿ ಬಾಟಲಿಯನ್ನು ತೊಳೆದು ಮಾರಿದವರಿಗೇ ಮರಳಿಸಿ, ಜನವರಿಯಲ್ಲಿ ಅವರಿಗೆ ಕಿರುಬಾಯಿಯ ಗಾಜಿನ ಬಾಟಲಿ ಬೇಕಾಗುತ್ತದೆ.